ಮಲಿಕುತ್ತುಜ್ಜಾರರ ನಾಡಿನಿಂದ ಮ್ಯಾನೇಜ್‌ಮೆಂಟ್ ಶಾಲೆಯ ಬಾಗಿಲಿಗೆ



ಎಂ.ಬಿ.ಎ. ಎಂದ ಕೂಡಲೇ ನಮ್ಮ ಭಾಗದ ಮಕ್ಕಳಿಗೆ ಅದು ದೂರದ ಊರಿನ, ದೊಡ್ಡವರ ಮನೆಯ ವಿದ್ಯೆ ಎನಿಸುತ್ತದೆ. ಬಿ.ಕಾಂ. ಮುಗಿಸಿದ ಹುಡುಗ ಅಂಗಡಿಯಲ್ಲಿ ಕೂರುತ್ತಾನೆ, ಇಲ್ಲವೇ ಗಲ್ಫ್ ವೀಸಾಕ್ಕೆ ಕಾಯುತ್ತಾನೆ. ಬಿ.ಕಾಂ. ಮುಗಿಸಿದ ಹುಡುಗಿಗೆ ಬಿ.ಎಡ್. ಮಾಡಿಸುತ್ತಾರೆ. ಇವು ತಪ್ಪು ದಾರಿಗಳಲ್ಲ. ಆದರೆ ಇನ್ನೊಂದು ದಾರಿ ಇದೆಯೆಂಬುದನ್ನು ಯಾರೂ ಹೇಳುವುದಿಲ್ಲ. ವ್ಯಾಪಾರವನ್ನು ವಿದ್ಯೆಯಾಗಿ ಕಲಿಸುವ ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ಹೇಳಬೇಕಾಗಿದೆ. ಅದಕ್ಕೂ ಮೊದಲು ಈ ವಿದ್ಯೆಗೂ ನಮ್ಮ ನೆಲಕ್ಕೂ ಇರುವ ಹಳೆಯ ನಂಟನ್ನು ನೆನಪಿಸಿಕೊಳ್ಳೋಣ. ತನ್ನ ಚರಿತ್ರೆಯನ್ನು ತಿಳಿದವನಿಗೆ ಬಾಗಿಲು ತಟ್ಟಲು ಸಂಕೋಚವಾಗುವುದಿಲ್ಲ.

ವ್ಯಾಪಾರಿಯೊಬ್ಬರು ವಜೀರರಾದ ಕಥೆ

1347ರಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಷಾ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಬಹಮನಿ ರಾಜ್ಯವನ್ನು ಸ್ಥಾಪಿಸಿದನೆಂಬುದು ನಿಮಗೆ ಗೊತ್ತಿದೆ. ಫಿರೋಜ್ ಷಾನ ಕಾಲದಲ್ಲಿ, 1400ರ ಸುಮಾರಿಗೆ, ಹಜರತ್ ಖ್ವಾಜಾ ಬಂದೇ ನವಾಜ್ ಗೇಸುದರಾಜ್ (ರ.ಅ.) ಅವರು ದೆಹಲಿಯನ್ನು ಬಿಟ್ಟು ಬಂದು ಇಲ್ಲಿ ನೆಲೆಸಿದರು. ಅವರ ಖಾನಖಾ ಭಕ್ತಿಯ ಜೊತೆಗೆ ಗ್ರಂಥ ರಚನೆಯ ಸ್ಥಳವೂ ಆಗಿತ್ತು. ಮುಂದೆ ಅಹ್ಮದ್ ಷಾ ವಲಿ ರಾಜಧಾನಿಯನ್ನು ಬೀದರಿಗೆ ಒಯ್ದನು. ಈ ಎರಡು ರಾಜಧಾನಿಗಳ ನಡುವಿನ ದಾರಿಯಲ್ಲೇ ನಮ್ಮ ಕಮಲಾಪುರ ಇದೆ. ಇಂದಿಗೂ ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಹೋಗುವ ಬಸ್ಸು ಕಮಲಾಪುರವನ್ನು ದಾಟಿಯೇ ಹೋಗುತ್ತದೆ. 2017ರ ಅಕ್ಟೋಬರ್ ತಿಂಗಳಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗದಲ್ಲೂ ಕಮಲಾಪುರ ಒಂದು ನಿಲ್ದಾಣ.

1453ರಲ್ಲಿ ಇರಾನಿನ ಗೀಲಾನ್ ಪ್ರಾಂತದ ವ್ಯಾಪಾರಿಯೊಬ್ಬರು ಕೊಂಕಣದ ದಾಭೋಲ್ ಬಂದರಿನಲ್ಲಿ ಹಡಗಿನಿಂದಿಳಿದು ಬೀದರಿಗೆ ಬಂದರು. ಅವರೇ ಖ್ವಾಜಾ ಮಹಮೂದ್ ಗವಾನ್. ಆಗ ಅವರಿಗೆ ನಲವತ್ತು ದಾಟಿತ್ತು. ಬಂದದ್ದು ವ್ಯಾಪಾರಕ್ಕೆ ಮತ್ತು ಬೀದರಿನ ಸಂತರ ದರ್ಶನಕ್ಕೆ. ಅವರ ಜ್ಞಾನವನ್ನೂ ವ್ಯವಹಾರ ಬುದ್ಧಿಯನ್ನೂ ಕಂಡ ಸುಲ್ತಾನರು ಅವರನ್ನು ಬಿಡಲಿಲ್ಲ. ಹುಮಾಯೂನ್ ಷಾ ಅವರಿಗೆ ‘ಮಲಿಕುತ್ತುಜ್ಜಾರ್’ ಎಂಬ ಬಿರುದು ಕೊಟ್ಟನು. ವ್ಯಾಪಾರಿಗಳ ಒಡೆಯ ಎಂಬುದು ಅದರ ಅರ್ಥ. ರಾಜ್ಯದ ಪ್ರಧಾನ ಮಂತ್ರಿಯ ಬಿರುದಿನಲ್ಲಿ ವ್ಯಾಪಾರದ ಹೆಸರಿದ್ದ ನಾಡು ನಮ್ಮದು!

ಗವಾನರು ಭೂಮಿಯನ್ನು ಅಳತೆ ಮಾಡಿಸಿದರು. ನಾಲ್ಕು ತರಫ್‌ಗಳನ್ನು ಎಂಟಾಗಿ ವಿಂಗಡಿಸಿ ಪ್ರಾಂತಾಧಿಕಾರಿಗಳ ಕೈಯಲ್ಲಿ ಅತಿಯಾಗಿ ಸೇರಿದ್ದ ಅಧಿಕಾರವನ್ನು ತಗ್ಗಿಸಿದರು. ಲೆಕ್ಕಪತ್ರವನ್ನು ಬಿಗಿಗೊಳಿಸಿದರು. ಇಂದು ಮ್ಯಾನೇಜ್‌ಮೆಂಟ್ ಎಂದು ಕಲಿಸುವ ವಿಷಯಗಳಲ್ಲಿ ಅರ್ಧದಷ್ಟು ಇವೇ. ಚರಿತ್ರಕಾರ ಫರಿಷ್ತಾ ಬರೆದಿರುವಂತೆ, ಅವರು ಮಂತ್ರಿಯಾದ ಮೇಲೂ ತಮ್ಮ ಸ್ವಂತ ಬಂಡವಾಳವನ್ನು ವ್ಯಾಪಾರದಲ್ಲಿಟ್ಟು, ಅದರ ಲಾಭದಲ್ಲೇ ಸರಳವಾಗಿ ಬದುಕಿ, ಉಳಿದದ್ದನ್ನು ಬಡವರಿಗೆ ಕೊಡುತ್ತಿದ್ದರು. ಜಹಗೀರಿನ ಹುಟ್ಟುವಳಿಯನ್ನು ಸೈನ್ಯಕ್ಕೆ ಖರ್ಚು ಮಾಡುತ್ತಿದ್ದರು. ಸ್ವಂತದ ಹಣ ಬೇರೆ, ಹುದ್ದೆಯ ಹಣ ಬೇರೆ ಎಂಬ ಪಾಠವನ್ನು ಇಂದಿನ ಕಂಪನಿಗಳು ಇನ್ನೂ ಕಲಿಯುತ್ತಿವೆ.

1472ರಲ್ಲಿ ಅವರು ಬೀದರಿನಲ್ಲಿ ಮೂರಂತಸ್ತಿನ ಮದರಸಾ ಕಟ್ಟಿಸಿದರು. ದೂರದ ವಿದ್ವಾಂಸರನ್ನು ಕರೆಸಿದರು. ಅಲ್ಲಿ ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯವಿತ್ತೆಂದು ಹೇಳಲಾಗುತ್ತದೆ. 1696ರಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದ ಮಿನಾರು, ಗೋಡೆಯ ಮೇಲಿನ ನೀಲಿ ಹೆಂಚಿನ ತುಣುಕುಗಳು ಇಂದಿಗೂ ನಿಂತಿವೆ. ಅದು ಇಂದಿನ ಅರ್ಥದ ವ್ಯಾಪಾರ ಶಾಲೆಯಾಗಿರಲಿಲ್ಲ, ನಿಜ. ಆದರೆ ವ್ಯಾಪಾರಿಯ ಗಳಿಕೆ ವಿದ್ಯೆಗೆ ಸಲ್ಲಬೇಕು ಎಂಬ ಮಾತನ್ನು ಕಲ್ಲಿನಲ್ಲಿ ಬರೆದಂತೆ ಅದು ನಿಂತಿದೆ.

ಪತ್ರದ ವಿದ್ಯೆ

ಗವಾನರ ಇನ್ನೊಂದು ಗುಣ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಅವರು ಪತ್ರ ಬರೆಯುವುದರಲ್ಲಿ ನಿಪುಣರು. ಇದನ್ನು ಪಾರಸಿಯಲ್ಲಿ ಇನ್ಶಾ ಎನ್ನುತ್ತಾರೆ. ಪತ್ರಕಲೆಯ ಬಗ್ಗೆ ಅವರು ‘ಮನಾಜಿರುಲ್ ಇನ್ಶಾ’ ಎಂಬ ಗ್ರಂಥ ಬರೆದರು. ಅವರ ಪತ್ರಗಳ ಸಂಗ್ರಹಕ್ಕೆ ‘ರಿಯಾಜುಲ್ ಇನ್ಶಾ’ ಎಂದು ಹೆಸರು. ತುರ್ಕಿಯ ಸುಲ್ತಾನರಿಗೂ ಹಿರಾತಿನ ಮಹಾಕವಿ ಜಾಮಿಯವರಿಗೂ ಬೀದರಿನಿಂದ ಪತ್ರಗಳು ಹೋದವು. ಜಾಮಿಯವರನ್ನು ಬೀದರಿಗೆ ಬರುವಂತೆ ಗವಾನರು ಆಹ್ವಾನಿಸಿದರು, ಅವರು ಬರಲಿಲ್ಲ. ಪ್ರಧಾನ ಮಂತ್ರಿಯ ಪತ್ರಕ್ಕೂ ಇಲ್ಲ ಎಂಬ ಉತ್ತರ ಬಂದದ್ದುಂಟು! ಆದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

ಅವರ ಅಂತ್ಯವೂ ಒಂದು ಪತ್ರದಿಂದಲೇ ಆಯಿತು. ಶತ್ರುಗಳು ಅವರ ಮುದ್ರೆಯನ್ನು ಕಾಯುತ್ತಿದ್ದವನನ್ನು ಒಳಗೆ ಹಾಕಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಹಾಕಿಸಿಕೊಂಡರು. ಒರಿಸ್ಸಾದ ರಾಜನನ್ನು ದಂಡೆತ್ತಿ ಬರುವಂತೆ ಕರೆಯುವ ಸುಳ್ಳು ಪತ್ರವನ್ನು ಅದರ ಮೇಲೆ ಬರೆದರು. ಮೂರನೆಯ ಮುಹಮ್ಮದ್ ಷಾ ವಿಚಾರಣೆಯಿಲ್ಲದೆ 1481ರ ಏಪ್ರಿಲ್ ತಿಂಗಳಲ್ಲಿ ಅವರ ತಲೆ ತೆಗೆಸಿದನು. ಆಮೇಲೆ ಸತ್ಯ ತಿಳಿದು ಪಶ್ಚಾತ್ತಾಪಪಟ್ಟನು. ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ.

ವಿದ್ಯಾರ್ಥಿಗಳೇ, ಇದನ್ನು ಮರೆಯಬೇಡಿ. ನಿಮ್ಮ ಪರವಾಗಿ ನಿಮ್ಮ ಹೆಸರಿನಲ್ಲಿ ಬೇರೆಯವರು ಬರೆಯುವುದು ಅಪಾಯ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ರೈಲು, ಗಿರಣಿ ಮತ್ತು ಉರ್ದು ವಿಶ್ವವಿದ್ಯಾಲಯ

ಮುಂದಿನ ಶತಮಾನಗಳಲ್ಲಿ ಈ ಪ್ರದೇಶ ಹಲವರ ಕೈ ಬದಲಾಗಿ ಕೊನೆಗೆ ನಿಜಾಮರ ಹೈದರಾಬಾದ್ ರಾಜ್ಯಕ್ಕೆ ಸೇರಿತು. 1871ರಲ್ಲಿ ಮುಂಬಯಿ ಕಡೆಯ ರೈಲು ಮಾರ್ಗ ರಾಯಚೂರಿನಲ್ಲಿ ಮದರಾಸು ಕಡೆಯ ಮಾರ್ಗವನ್ನು ಕೂಡಿತು. ಕಲಬುರಗಿ ಆ ಮಾರ್ಗದ ಮೇಲಿನ ಊರಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ರೈಲು ಓಡಿತು. ಹತ್ತಿ, ಕಾಳುಕಡಿ ಮುಂಬಯಿಗೆ ಹೋಗತೊಡಗಿದವು. ಆ ಶತಮಾನದ ಕೊನೆಯ ಭಾಗದಲ್ಲಿ ಮಹಬೂಬ್ ಶಾಹಿ ಗಿರಣಿ ತಲೆಯೆತ್ತಿತು. ಗಿರಣಿ ಮುಚ್ಚಿ ಎಷ್ಟೋ ವರ್ಷವಾದರೂ ಎಂ.ಎಸ್.ಕೆ. ಮಿಲ್ ಎಂಬ ಹೆಸರು ಬಡಾವಣೆಯ ಹೆಸರಾಗಿ ಉಳಿದಿದೆ.

ನಿಜಾಮ್ ಸರ್ಕಾರ ಪ್ರತಿಭಾವಂತರನ್ನು ವಿದೇಶಕ್ಕೆ ಓದಲು ಕಳಿಸುತ್ತಿತ್ತು. ಸರೋಜಿನಿ ನಾಯ್ಡು 1895ರಲ್ಲಿ ಇಂಗ್ಲೆಂಡಿಗೆ ಹೋದದ್ದು ನಿಜಾಮರ ವಿದ್ಯಾರ್ಥಿವೇತನದ ಮೇಲೆ. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ದೊಡ್ಡ ಸಾಹಸ ಅದು. ಆದರೆ 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾದ ಮೇಲೆ ಅಲ್ಲಿ ಇಂಗ್ಲಿಷ್ ಮಾಧ್ಯಮ ಬಂತು. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾಗಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಎಂಟು ವರ್ಷಗಳಲ್ಲಿ ಓದಿನ ಭಾಷೆ, ಕಚೇರಿಯ ಭಾಷೆ, ರಾಜಧಾನಿ, ಮೂರೂ ಬದಲಾದವು. ಉರ್ದುವಿನಲ್ಲಿ ಚೆನ್ನಾಗಿ ಓದಿದ ತಂದೆಗೆ ಮಗನ ಇಂಗ್ಲಿಷ್ ಅರ್ಜಿಯನ್ನು ತುಂಬಿಕೊಡಲು ಆಗದೇ ಹೋಯಿತು. ನಮ್ಮ ಹಿಂದುಳಿಯುವಿಕೆಗೆ ಬುದ್ಧಿಯ ಕೊರತೆ ಕಾರಣವಲ್ಲ. ಇಂಥ ಕಡಿದುಹೋದ ಸೇತುವೆಗಳೂ ಕಾರಣ.

ವ್ಯಾಪಾರ ಶಾಲೆಗಳು ಹುಟ್ಟಿದ ಬಗೆ

ವ್ಯಾಪಾರವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವ ಪದ್ಧತಿ ಅಷ್ಟೇನೂ ಹಳೆಯದಲ್ಲ. ಅಮೆರಿಕದ ವಾರ್ಟನ್ ಶಾಲೆ 1881ರಲ್ಲಿ, ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ ಆರಂಭವಾದವು. ಎಂ.ಬಿ.ಎ. ಎಂಬ ಪದವಿ ಹಾರ್ವರ್ಡಿನಿಂದ ಬಂದದ್ದು. ನಮ್ಮ ದೇಶದಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು 1913ರದು. ಸ್ವಾತಂತ್ರ್ಯಾನಂತರ ಹೊಸ ಕಾರ್ಖಾನೆಗಳನ್ನು ನಡೆಸಲು ತರಬೇತಾದ ವ್ಯವಸ್ಥಾಪಕರು ಬೇಕಾದರು. 1961ರ ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ, ಡಿಸೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್, ಅಂದರೆ ಐ.ಐ.ಎಂ.ಗಳು ಆರಂಭವಾದವು. ಮೊದಲನೆಯದಕ್ಕೆ ಎಂ.ಐ.ಟಿ.ಯ ಸ್ಲೋನ್ ಶಾಲೆ, ಎರಡನೆಯದಕ್ಕೆ ಹಾರ್ವರ್ಡ್ ನೆರವಾದವು. 1973ರಲ್ಲಿ ಬೆಂಗಳೂರಿಗೆ ಐ.ಐ.ಎಂ. ಬಂತು. ಈಗ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಐ.ಐ.ಎಂ.ಗಳಿವೆ. ಮೊದಲು ಇವು ಡಿಪ್ಲೊಮಾ ಕೊಡುತ್ತಿದ್ದವು. 2017ರ ಐ.ಐ.ಎಂ. ಕಾಯ್ದೆಯ ನಂತರ ಪದವಿಯನ್ನೇ ಕೊಡುವ ಅಧಿಕಾರ ಪಡೆದಿವೆ.

ನಮ್ಮ ಹಳೆಯ ರಾಜಧಾನಿ ಹೈದರಾಬಾದಿನಲ್ಲಿ 2001ರಲ್ಲಿ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಆರಂಭವಾಯಿತು. ಕಲಬುರಗಿಯಲ್ಲಿ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಕಡಗಂಚಿಯ ಹತ್ತಿರ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, 2018ರಲ್ಲಿ ಖ್ವಾಜಾ ಬಂದೇ ನವಾಜ್ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಬೀಬಿ ರಜಾ ಕಾಲೇಜು ನಮ್ಮ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಬಾಗಿಲಾಗಿದೆ. ಪದವಿಯವರೆಗಿನ ಮೆಟ್ಟಿಲುಗಳು ಈಗ ಊರಿನಲ್ಲೇ ಇವೆ. ಕೊರತೆ ಇರುವುದು ಅಲ್ಲಿಂದ ಮುಂದಿನ ಮೆಟ್ಟಿಲಿನಲ್ಲಿ.

4,743ರಲ್ಲಿ 63

2005ರಲ್ಲಿ ನೇಮಕವಾದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. ಅದರಲ್ಲಿರುವ ಒಂದು ಅಂಕಿಯನ್ನು ನಮ್ಮ ಪ್ರತಿಯೊಂದು ಕಾಲೇಜಿನ ಗೋಡೆಗೆ ಹಚ್ಚಬೇಕು. 2004-05ರಲ್ಲಿ ದೇಶದ ಎಲ್ಲ ಐ.ಐ.ಎಂ.ಗಳ ಎಲ್ಲ ಕೋರ್ಸುಗಳಲ್ಲಿ ಓದುತ್ತಿದ್ದ 4,743 ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಕೇವಲ 63. ಅಂದರೆ ಶೇಕಡಾ 1.3. ಆಗಿನ ಜನಗಣತಿಯಂತೆ (2001) ದೇಶದಲ್ಲಿ ನಮ್ಮ ಜನಸಂಖ್ಯೆ ಶೇಕಡಾ 13.4. ವ್ಯಾಪಾರವನ್ನೇ ಬದುಕಾಗಿಸಿಕೊಂಡವರು ಹೆಚ್ಚಾಗಿರುವ ಸಮುದಾಯ ವ್ಯಾಪಾರದ ಶಾಲೆಯಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಇತ್ತು!

ಆ ವರದಿಗೆ ಈಗ ಎರಡು ದಶಕ ತುಂಬಿದೆ. ಕಮಲಾಪುರದ ಯಾವುದಾದರೂ ಓಣಿಯಲ್ಲಿ ನಿಂತು ಕ್ಯಾಟ್ ಎಂದರೇನು ಎಂದು ಹತ್ತು ಪದವೀಧರರನ್ನು ಕೇಳಿ ನೋಡಿ, ನಮ್ಮ ಕೆಲಸ ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ. ಅದೇ ನೀಟ್ ಎಂದರೆ ಎಲ್ಲರಿಗೂ ಗೊತ್ತು. ಬೀದರಿನಲ್ಲಿ 1989ರಲ್ಲಿ ಆರಂಭವಾದ ಶಾಹೀನ್ ಸಂಸ್ಥೆಯಂಥವು ವೈದ್ಯಕೀಯ ಸೀಟಿನ ದಾರಿಯನ್ನು ಮನೆಮನೆಗೆ ಪರಿಚಯಿಸಿದವು. ಗೊತ್ತಿಲ್ಲದ ಪರೀಕ್ಷೆಗೆ ಯಾರೂ ಕೂರುವುದಿಲ್ಲ. ಕೂರದವನು ಪಾಸಾಗುವುದೂ ಇಲ್ಲ.

ಅರ್ಜಿಯ ದಾರಿ

ಐ.ಐ.ಎಂ. ಪ್ರವೇಶಕ್ಕೆ ಕಾಮನ್ ಅಡ್ಮಿಷನ್ ಟೆಸ್ಟ್, ಅಂದರೆ ಕ್ಯಾಟ್ ಬರೆಯಬೇಕು. ಯಾವುದೇ ಪದವಿಯಲ್ಲಿ ಸಾಮಾನ್ಯವಾಗಿ ಶೇಕಡಾ 50 ಅಂಕ ಸಾಕು. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಮಳೆಗಾಲದಲ್ಲಿ ಪ್ರಕಟಣೆ ಬರುತ್ತದೆ, ಪರೀಕ್ಷೆ ಹೆಚ್ಚಾಗಿ ನವೆಂಬರ್ ಕೊನೆಯ ಭಾನುವಾರ. 2009ರಿಂದ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅವಧಿ ಎರಡು ಗಂಟೆ, ಭಾಗಗಳು ಮೂರು: ಇಂಗ್ಲಿಷ್ ಓದು ಮತ್ತು ಗ್ರಹಿಕೆ, ಅಂಕಿ-ಅಂಶ ಹಾಗೂ ತರ್ಕ, ಗಣಿತ. ಪ್ರತಿ ಭಾಗಕ್ಕೂ 40 ನಿಮಿಷ. ಸರಿಯುತ್ತರಕ್ಕೆ 3 ಅಂಕ. ಆಯ್ಕೆ ಕೊಟ್ಟ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ 1 ಅಂಕ ಕಳೆಯುತ್ತಾರೆ. ಗಣಿತ ಹತ್ತನೆಯ ತರಗತಿಯ ತಳಪಾಯದ ಮೇಲೆಯೇ ನಿಂತಿದೆ. ನಮ್ಮ ಮಕ್ಕಳನ್ನು ಹೆಚ್ಚಾಗಿ ಎಡವಿಸುವುದು ಇಂಗ್ಲಿಷ್. ಅದಕ್ಕೆ ಔಷಧ ಒಂದೇ: ಪದವಿಯ ಮೊದಲ ವರ್ಷದಿಂದಲೇ ದಿನಕ್ಕೊಂದು ಗಂಟೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ಲೇಖನಗಳ ಓದು.

ಫಲಿತಾಂಶವನ್ನು ಪರ್ಸೆಂಟೈಲ್‌ನಲ್ಲಿ ಕೊಡುತ್ತಾರೆ. 95 ಪರ್ಸೆಂಟೈಲ್ ಎಂದರೆ ನೂರಕ್ಕೆ 95 ಅಂಕ ಬಂತೆಂದಲ್ಲ, ಪರೀಕ್ಷೆ ಬರೆದ ನೂರು ಜನರಲ್ಲಿ 95 ಮಂದಿಗಿಂತ ನೀವು ಮುಂದಿದ್ದೀರಿ ಎಂದು ಅರ್ಥ. ಆಮೇಲೆ ಪ್ರತಿ ಸಂಸ್ಥೆ ತನ್ನದೇ ಲೆಕ್ಕ ಹಾಕುತ್ತದೆ. ಬೆಂಗಳೂರಿನ ಐ.ಐ.ಎಂ. ಕ್ಯಾಟ್ ಅಂಕದ ಜೊತೆ ಹತ್ತನೆಯ ತರಗತಿ, ಪಿ.ಯು.ಸಿ., ಪದವಿಯ ಅಂಕಗಳನ್ನೂ ಕೆಲಸದ ಅನುಭವವನ್ನೂ ಎಣಿಸುತ್ತದೆ. ಪೋಷಕರೇ, ಇದನ್ನು ಗಮನಿಸಿ. ಇಪ್ಪತ್ತೊಂದನೆಯ ವಯಸ್ಸಿನ ಈ ಅರ್ಜಿ ಹದಿನೈದನೆಯ ವಯಸ್ಸಿನಲ್ಲೇ ಆರಂಭವಾಗಿರುತ್ತದೆ. ಎಸ್.ಎಸ್.ಎಲ್.ಸಿ. ಪಾಸಾದರೆ ಸಾಕು ಎಂಬ ಮಾತನ್ನು ಮನೆಯಲ್ಲಿ ಆಡಬೇಡಿ.

ಪ್ರಮಾಣಪತ್ರಗಳ ವಿಷಯದಲ್ಲಿ ಎಚ್ಚರ ಬೇಕು. ರಾಜ್ಯದ 2ಬಿ ಪ್ರಮಾಣಪತ್ರ ಐ.ಐ.ಎಂ.ಗೆ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಕೇಂದ್ರದ ಒ.ಬಿ.ಸಿ. ಪಟ್ಟಿಯಂತೆ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ. ಕರ್ನಾಟಕದ ಮುಸ್ಲಿಮರಲ್ಲಿ ಎಲ್ಲ ಪಂಗಡಗಳೂ ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಪಂಗಡ ಅದರಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ 2019ರಲ್ಲಿ ಬಂದ ಆರ್ಥಿಕ ದುರ್ಬಲ ವರ್ಗದ ಶೇಕಡಾ 10ರ ಮೀಸಲಾತಿಗೆ ಅರ್ಹತೆ ಇದೆಯೇ ಎಂದು ತಹಸೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಕಮಲಾಪುರ ಈಗ ತಾಲ್ಲೂಕು ಕೇಂದ್ರವಾಗಿರುವುದರಿಂದ ಈ ಕೆಲಸಕ್ಕೆ ಕಲಬುರಗಿಗೆ ಅಲೆಯಬೇಕಾಗಿಲ್ಲ. 371(ಜೆ) ವಿಧಿಯ ಸೌಲಭ್ಯ ನಮ್ಮ ಭಾಗದ ಮತ್ತು ರಾಜ್ಯದ ಸಂಸ್ಥೆಗಳಿಗೆ ಮಾತ್ರ, ಐ.ಐ.ಎಂ.ಗಳಿಗೆ ಅದು ಅನ್ವಯಿಸುವುದಿಲ್ಲ. ಆದರೆ ರಾಜ್ಯದಲ್ಲಿ ಪಿ.ಜಿ.ಸಿ.ಇ.ಟಿ. ಮೂಲಕ ಎಂ.ಬಿ.ಎ. ಸೇರುವವರು ಆ ಪ್ರಮಾಣಪತ್ರವನ್ನು ಮರೆಯಬಾರದು.

ವಿದೇಶದ ಶಾಲೆಗಳಿಗೂ ಹೈದರಾಬಾದಿನ ಐ.ಎಸ್.ಬಿ.ಗೂ ಜಿಮ್ಯಾಟ್ ಅಥವಾ ಜಿ.ಆರ್.ಇ. ಪರೀಕ್ಷೆಯ ಅಂಕ ಬೇಕು. ಅದರ ಜೊತೆ ಪ್ರಬಂಧ ಬರೆಯಬೇಕು, ಬಲ್ಲವರ ಶಿಫಾರಸು ಪತ್ರವೂ ಬೇಕು. ಸಾಮಾನ್ಯವಾಗಿ ಕೆಲವು ವರ್ಷ ದುಡಿದು ಅನುಭವ ಪಡೆದವರೇ ಇಲ್ಲಿಗೆ ಹೋಗುತ್ತಾರೆ. ಆದ್ದರಿಂದ ಪದವಿ ಮುಗಿದು ಮೂರು ವರ್ಷವಾಯಿತು, ಇನ್ನು ಓದು ಮುಗಿಯಿತು ಎಂದು ಕೈಚೆಲ್ಲಬೇಡಿ.

ಬಾಳೆ ಮತ್ತು ತೊಗರಿಯ ಪಾಠ

‘ನೀವು ಯಾರು, ಈ ವಿದ್ಯೆ ನಿಮಗೇಕೆ?’ ಪ್ರಬಂಧದಲ್ಲೂ ಸಂದರ್ಶನದಲ್ಲೂ ತಿರುಗಿ ತಿರುಗಿ ಬರುವ ಪ್ರಶ್ನೆ ಇದು. ಇಲ್ಲಿ ನಮ್ಮ ಹುಡುಗರು ಎರವಲು ಮಾತುಗಳನ್ನಾಡಿ ಸೋಲುತ್ತಾರೆ. ಕಮಲಾಪುರದವನು ಕಮಲಾಪುರದ ಮಾತನ್ನೇ ಆಡಲಿ. ಭೌಗೋಳಿಕ ಸೂಚ್ಯಂಕ ಪಡೆದ ಕಮಲಾಪುರದ ಕೆಂಪು ಬಾಳೆ ನೋಡಿ. ಸಾಮಾನ್ಯ ಬಾಳೆಗಿಂತ ಇದು ಬೆಳೆಯಲು ಹೆಚ್ಚು ಕಾಲ ಹಿಡಿಯುತ್ತದೆ. ಹಾಗಾದರೆ ರೈತನ ಬಂಡವಾಳ ಎಷ್ಟು ತಿಂಗಳು ಭೂಮಿಯಲ್ಲೇ ಸಿಲುಕಿರುತ್ತದೆ? ಹಣ್ಣಿನ ಬೆಲೆ ಹೆಚ್ಚಿದ್ದರೂ ಬೆಳೆಯುವವರು ಏಕೆ ಹೆಚ್ಚುತ್ತಿಲ್ಲ? ರಸ್ತೆಬದಿಯಲ್ಲಿ ಮಾರುವವನಿಗೂ ಹೈದರಾಬಾದಿಗೆ ಕಳಿಸುವವನಿಗೂ ಸಿಗುವ ಲಾಭದಲ್ಲಿ ವ್ಯತ್ಯಾಸವೇನು? ಈ ಮೂರು ಪ್ರಶ್ನೆಗಳಿಗೆ ಸ್ವತಃ ವಿಚಾರಿಸಿ ಲೆಕ್ಕ ಹಾಕಿ ಉತ್ತರ ಕಂಡುಕೊಂಡವನು ಹಣಕಾಸು ಮತ್ತು ಮಾರುಕಟ್ಟೆಯ ಪಾಠವನ್ನು ಅರ್ಧ ಕಲಿತಂತೆಯೇ.

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಬಂತು. ನೆಹರೂ ಗಂಜಿನ ಅಡತ್ ಅಂಗಡಿಯಲ್ಲಿ ಲೆಕ್ಕ ಬರೆಯುವವನ ಮಗಳಿಗೆ, ದಾಲ್ ಮಿಲ್ಲಿನಲ್ಲಿ ದುಡಿಯುವವನ ಮಗನಿಗೆ ಧಾರಣೆ ಏರಿಳಿಯುವುದು ಹೇಗೆಂದು ಗೊತ್ತು. ಆಫ್ರಿಕಾ, ಮ್ಯಾನ್ಮಾರ್‌ಗಳಿಂದ ತೊಗರಿ ಆಮದಾದರೆ ಗಂಜಿನಲ್ಲಿ ಏನಾಗುತ್ತದೆ ಎಂಬುದನ್ನು ಅವರು ಮನೆಯ ಊಟದಲ್ಲೇ ಕಂಡಿದ್ದಾರೆ. ಇದು ನಾಚಿಕೊಳ್ಳುವ ಹಿನ್ನೆಲೆಯಲ್ಲ, ಹೇಳಿಕೊಳ್ಳಬೇಕಾದ ಹಿನ್ನೆಲೆ.

ಈಗ ಗವಾನರ ಮುದ್ರೆಯ ಮಾತಿಗೆ ಬನ್ನಿ. ಪ್ರಬಂಧವನ್ನು ಹಣ ಕೊಟ್ಟು ಬರೆಸಬೇಡಿ, ನಕಲು ಮಾಡಬೇಡಿ, ಯಂತ್ರದಿಂದ ಬರೆಸಿ ಹೆಸರು ಹಾಕಬೇಡಿ. ಇಂಟರ್ನೆಟ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದರೂ ಪಾಸ್‌ವರ್ಡ್ ಮತ್ತು ಇಮೇಲ್ ನಿಮ್ಮ ಕೈಯಲ್ಲೇ ಇರಲಿ. ಪ್ರತಿಯೊಂದು ಸಾಲನ್ನು ನೀವೇ ಓದಿ ಕಳಿಸಿ. ಇಲ್ಲದ ಅನುಭವವನ್ನು ಬರೆಯಬೇಡಿ, ಸಂದರ್ಶನದ ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ. 2003ರ ನವೆಂಬರ್‌ನಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಇಡೀ ದೇಶದ ಕ್ಯಾಟ್ ರದ್ದಾಗಿ 2004ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಕೆಲವರ ಅಡ್ಡದಾರಿಗೆ ಎಲ್ಲರೂ ಬೆಲೆ ತೆತ್ತರು.

ಹಣದ ಪ್ರಶ್ನೆ

ಹಳೆಯ ಐ.ಐ.ಎಂ.ಗಳಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ದಾಟುತ್ತದೆ. ಇದನ್ನು ಕೇಳಿಯೇ ಅನೇಕ ಮನೆಗಳಲ್ಲಿ ಮಾತು ನಿಲ್ಲುತ್ತದೆ. ಬಡ್ಡಿಯ ಸಾಲ ಬೇಡವೆಂಬ ಧಾರ್ಮಿಕ ಕಾಳಜಿಯೂ ಸೇರುತ್ತದೆ. ಈ ಕಾಳಜಿಯನ್ನು ಹಗುರವಾಗಿ ಕಾಣಬಾರದು. ಆದರೆ ಮೊದಲೇ ಸೋಲೊಪ್ಪಬೇಕಾಗಿಯೂ ಇಲ್ಲ. ಈ ಸಂಸ್ಥೆಗಳು ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತವೆ. ಪ್ರವೇಶ ಸಿಕ್ಕ ಕೂಡಲೇ ಅದಕ್ಕೆ ಅರ್ಜಿ ಹಾಕಬೇಕು. ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶಿಕ್ಷಣ ಯೋಜನೆಗಳ ನಿಯಮಗಳನ್ನು ಪ್ರತಿ ವರ್ಷ ಓದಿ ನೋಡಬೇಕು.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಕುರ್‌ಆನಿನ ಅತಿ ದೀರ್ಘ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ. ಪ್ರವಾದಿ ಮುಹಮ್ಮದ್ (ಸ) ಅವರು ಹಜರತ್ ಖದೀಜಾ (ರ.) ಅವರ ಸರಕನ್ನು ಒಯ್ದು ಪ್ರಾಮಾಣಿಕವಾಗಿ ವ್ಯಾಪಾರ ಮಾಡಿದವರು. ಈ ಪರಂಪರೆಯ ನಾವು ಬಡ್ಡಿಯಿಲ್ಲದ ಕರ್ಜೆ ಹಸನಾ ನಿಧಿಯೊಂದನ್ನು ಇದಕ್ಕಾಗಿಯೇ ಏಕೆ ಕಟ್ಟಬಾರದು? ಇಡೀ ಶುಲ್ಕ ಭರಿಸುವುದು ಕಷ್ಟ. ಆದರೆ ಕ್ಯಾಟ್ ಅರ್ಜಿಯ ಶುಲ್ಕ, ಪುಸ್ತಕ, ಮಾದರಿ ಪರೀಕ್ಷೆ, ಸಂದರ್ಶನಕ್ಕೆ ಹೋಗಿ ಬರುವ ರೈಲು ಚಾರ್ಜು, ಇಷ್ಟನ್ನು ವರ್ಷಕ್ಕೆ ಹತ್ತು ಮಕ್ಕಳಿಗೆ ಕೊಡುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ. ಲಿಖಿತ ಕರಾರು ಇರಲಿ, ನೌಕರಿ ಸಿಕ್ಕ ಮೇಲೆ ಹಣ ಮರಳಲಿ, ಅದೇ ಹಣ ಮುಂದಿನ ಹತ್ತು ಮಕ್ಕಳಿಗೆ ಹೋಗಲಿ. ಆ ಹತ್ತರಲ್ಲಿ ಅರ್ಧ ಹೆಣ್ಣುಮಕ್ಕಳಿರಲಿ.

ಕೊನೆಯ ಮಾತು

ವಿದ್ಯಾರ್ಥಿ ಬಾಂಧವರೇ, ಅರ್ಜಿ ಹಾಕಿದವರಿಗೆಲ್ಲ ಸೀಟು ಸಿಗುವುದಿಲ್ಲ. ಮೊದಲ ವರ್ಷ ಸಿಗದವರು ಎರಡನೆಯ ವರ್ಷ ಪಡೆದ ಉದಾಹರಣೆಗಳು ಎಷ್ಟೋ ಇವೆ. ಐ.ಐ.ಎಂ. ಸಿಗದಿದ್ದರೂ ಆ ತಯಾರಿಯ ಇಂಗ್ಲಿಷ್, ಗಣಿತ, ಶಿಸ್ತು ಬ್ಯಾಂಕ್ ಪರೀಕ್ಷೆಗೂ ಅಬ್ಬಾನ ಅಂಗಡಿಗೂ ಉಪಯೋಗವಾಗುತ್ತವೆ. ಕಲಿತದ್ದು ವ್ಯರ್ಥವಾಗುವುದಿಲ್ಲ.

ದೂರದ ಗೀಲಾನಿನಿಂದ ಬಂದ ವ್ಯಾಪಾರಿ ನಮ್ಮ ನೆಲದಲ್ಲಿ ಮಲಿಕುತ್ತುಜ್ಜಾರ್ ಆದರು. ಅವರು ದಾಟಿದ್ದು ಸಮುದ್ರವನ್ನು. ನೀವು ದಾಟಬೇಕಾದದ್ದು ಕಮಲಾಪುರದಿಂದ ಬೆಂಗಳೂರಿನವರೆಗಿನ ದಾರಿಯನ್ನು ಮತ್ತು ಅದಕ್ಕೂ ಮೊದಲು ಮನಸ್ಸಿನ ಹಿಂಜರಿಕೆಯನ್ನು. ಈ ವರ್ಷದ ಪ್ರಕಟಣೆ ಬಂದ ದಿನವೇ ಅರ್ಜಿ ತೆರೆಯಿರಿ. ಆ 63ರ ಅಂಕಿಯನ್ನು ಬದಲಿಸುವ ಕೆಲಸದಲ್ಲಿ ನಿಮ್ಮದೂ ಒಂದು ಹೆಸರಿರಲಿ. ಅಲ್ಲಾಹನು ನಿಮ್ಮ ಪ್ರಯತ್ನದಲ್ಲಿ ಬರಕತ್ ನೀಡಲಿ. ಆಮೀನ್.